ಬಾಗಿಲಲ್ಲಿ ಹೊಡೆದ ಸಲಾಮು

ಡ್ಯಾನ್ಸ್ ಬಾರಿನ ಬಾಗಿಲು ಕಾಯುತ್ತಿದ್ದ ಅವನನ್ನು ಎಲ್ಲರೂ ತಡಕಪ್ಪ ಎನ್ನುತ್ತಿದ್ದರು. ಹನ್ನೊಂದು ವರ್ಷ, ಮಾಲೀಕರ ಭಾವಮೈದುನನನ್ನೂ ಬಿಡದೆ, ಕಂಕುಳಿನಿಂದ ಕಾಲ್ಚೀಲದವರೆಗೆ ತಡಕಿಯೇ ಒಳಗೆ ಬಿಟ್ಟವನು. ಸೈನಿಕರ ಮೈ ಮಾತ್ರ ಮುಟ್ಟುತ್ತಿರಲಿಲ್ಲ. ಸೇರಲು ಹೋದ ತನ್ನನ್ನು ಎರಡು ಇಂಚು ಗಿಡ್ಡನೆಂದು ಸೈನ್ಯ ವಾಪಸು ಕಳಿಸಿದ್ದರೂ ಅವರ ಮೇಲಿನ ಹಾಳು ಮರ್ಯಾದೆ ಹೋಗಿರಲಿಲ್ಲ. ಹಾಗಾಗಿ, ರಜೆಯಲ್ಲಿದ್ದ ಸೈನಿಕನೊಬ್ಬ ಗುರುತಿನ ಚೀಟಿ ತೋರಿಸಿದಾಗ ಸಲಾಮು ಹೊಡೆದು ಬಾಗಿಲು ತೆರೆದ. ಅರ್ಧ ಗಂಟೆಯಲ್ಲಿ ಆ ಸೈನಿಕನ ಪಿಸ್ತೂಲಿಗೆ ಒಂಬತ್ತು ಜನ ಹೆಣವಾದರು.

“ಯಾಕಯ್ಯಾ ತಡಕಲಿಲ್ಲ?” ಎಂದರು ಪೊಲೀಸರು.

“ನಮ್ಮನ್ನ ಕಾಯೋರು ಅಲ್ವಾ ಸಾರ್...”

ಈಗ ಕೆಲಸವಿಲ್ಲ, ಕೈ ಮಾತ್ರ ಸುಮ್ಮನಿರುವುದಿಲ್ಲ. ಪೇಟೆಯಿಂದ ಬಂದ ಹೆಂಡತಿ ಹೊಸ್ತಿಲಲ್ಲೇ ಚೀಲ ಕೆಳಗಿಟ್ಟು, ಎರಡೂ ಕೈ ಮೇಲೆತ್ತಿ ನಿಲ್ಲುತ್ತಾಳೆ: “ಬೇಗ ತಡಕಿಬಿಡ್ರೀ, ಒಲೆ ಹಚ್ಚಬೇಕು.”