ಗಾಜು ಏರಿಸಿದವನು

ಭಾವಿಕೇರಿಯ ಮಾದೇವನಿಗೆ ಮೊದಲ ಸಲ ಫಿಟ್ಸ್ ಬಂದದ್ದು ಅಂಗಳದಲ್ಲಿ ಹಲ್ಲುಜ್ಜುತ್ತ ನಿಂತಿದ್ದಾಗ. ಎರಡನೇ ಸಲ, ವಾರ ಬಿಟ್ಟು, ಊಟಕ್ಕೆ ಕೂತಾಗ. ಡಾಕ್ಟರು ಹೇಳಿದ್ದು ಎರಡೇ ಮಾತು: ಮಾತ್ರೆ ತಪ್ಪಿಸಬೇಡಿ, ಗಾಡಿ ಮುಟ್ಟಬೇಡಿ. ಮೊದಲನೆಯದನ್ನು ಮಾದೇವ ಕೂಡಲೇ ಒಪ್ಪಿಕೊಂಡ. ಎರಡನೆಯದಕ್ಕೆ ಮೂರು ದಿನ ರಜೆ ಹಾಕಿ ಮನೆಯಲ್ಲಿ ಮುಖ ಊದಿಸಿಕೊಂಡು ಕೂತ.

ಇದು ೨೦೦೮ರ ಮಾತು. ಅವನು ಕಾರವಾರದ ಒಂದು ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕು. ಕೇರಿಯ ಮೊದಲ ಕಾರು ಅವನದೇ. ಆರು ವರ್ಷಗಳಿಂದ ದಿನಾ ಆ ಬಿಳಿ ಕಾರಿನಲ್ಲೇ ಕಚೇರಿಗೆ ಹೋಗಿಬರುತ್ತಿದ್ದ. ಸೀಟಿಗೆ ಹೊದಿಸಿ ಬಂದಿದ್ದ ಪ್ಲಾಸ್ಟಿಕ್ಕನ್ನು ಎರಡು ವರ್ಷ ತೆಗೆದಿರಲಿಲ್ಲ. ಆ ಪ್ಲಾಸ್ಟಿಕ್ಕಿನ ಮೇಲೆ ಹೆಂಡತಿ ಮಂಗಲಾ ಬೆವರಿ ಜಾರಿದರೂ ಚಿಂತೆಯಿಲ್ಲ, ಸೀಟಿಗೆ ಕಲೆ ಆಗಬಾರದು!

ಅವನಿಗೆ ಬಸ್ಸಿನ ನೂಕುನುಗ್ಗಲಿನ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಬಸ್ಸು ನಿಲ್ಲುವ ಮೋರಿಕಟ್ಟೆಯದು, ಅದರ ಮೇಲೆ ಕೂತಿರುವ ಕಾಮಕ್ಕನದು. ಕಾಮಕ್ಕ ನೆರೆಮನೆಯವಳು. ಅವನ ಅವ್ವ ಗದ್ದೆ ನಟ್ಟಿಗೆ ಹೋದಾಗ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಈಗ ಅರವತ್ತು ದಾಟಿದರೂ ದಿನಾ ನೀರು ಚಿಮುಕಿಸಿದ ಬಸಳೆ, ಹರಿವೆ, ಮೂಲಂಗಿ ತುಂಬಿದ ಬುಟ್ಟಿ ಹೊತ್ತು ಕಾರವಾರದ ಪೇಟೆಗೆ ಹೋಗುತ್ತಾಳೆ. ಆರು ವರ್ಷ, ಬೆಳಿಗ್ಗೆ ಅವನ ಕಾರು ಕಂಡೊಡನೆ ಅವಳು ಎದ್ದು ನಿಂತು ಕೈ ಎತ್ತಿದ್ದಾಳೆ. ಆರು ವರ್ಷ, ಆ ಕೈ ಏಳುತ್ತಿದ್ದಂತೆ ಮಾದೇವ ಹಿಡಿಕೆ ತಿರುಗಿಸಿ ತನ್ನ ಬದಿಯ ಗಾಜು ಏರಿಸಿದ್ದಾನೆ. ಗಾಜು ಇಳಿದಿದ್ದರೆ ಕರೆದದ್ದು ಕೇಳುತ್ತದೆ, ಕೇಳಿದರೆ ನಿಲ್ಲಿಸಬೇಕಾಗುತ್ತದೆ. ಮುಂದೆ ಏನೋ ಘನವಾದದ್ದು ಕಾಣುತ್ತಿದೆಯೆಂಬಂತೆ ರಸ್ತೆಯನ್ನೇ ದಿಟ್ಟಿಸುತ್ತ ಹೋಗಿಬಿಡುತ್ತಿದ್ದ.

ನಾಲ್ಕನೆಯ ದಿನ ಅದೇ ಕಟ್ಟೆಯ ಹತ್ತಿರ ಟಿಫಿನ್ ಡಬ್ಬಿ ಹಿಡಿದು ನಡೆದು ಬಂದಾಗ ಅವನ ಕಾಲು ಕಾಲಿಗೇ ತೊಡರುತ್ತಿತ್ತು. ಕಾಮಕ್ಕ ನೋಡಿದಳು. ಏನೂ ಕೇಳದೆ ಬುಟ್ಟಿಯನ್ನು ಆಚೆ ಸರಿಸಿ, "ಕುತ್ಕ" ಎಂದು ಜಾಗ ಕೊಟ್ಟಳು. ಬಸ್ಸು ಬಂದಾಗ ಕಿಟಕಿಯಿಂದ ತನ್ನ ಹೆಗಲ ಮೇಲಿನ ವಸ್ತ್ರ ಒಳಗೆಸೆದು ಎರಡು ಜನರ ಸೀಟು ಹಿಡಿದಳು. "ಮಾದೇವಾ, ಇಲ್ಲಿ ಬಾರಾ" ಎಂದು ಬಸ್ಸಿಗೆ ಬಸ್ಸೇ ತಿರುಗಿ ನೋಡುವಂತೆ ಕೂಗಿದಳು. ನೆಲ ಬಾಯಿಬಿಟ್ಟಿದ್ದರೆ ಮಾದೇವ ಹಾಗೇ ಇಳಿದುಬಿಡುತ್ತಿದ್ದ.

ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಅವಳು ಒಂದು ದಿನವಾದರೂ ಕುಟುಕಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ತಿರುವಿನಲ್ಲಿ ಬಸ್ಸು ವಾಲಿದಾಗ ಅವಳ ಒರಟು ಕೈ ಬಂದು ಅವನ ಮೊಣಕೈ ಹಿಡಿಯುತ್ತಿತ್ತು. ಕಾರವಾರ ಬಂದೊಡನೆ ಮಾತ್ರ ಮಾದೇವ ಮುಂದಿನ ಬಾಗಿಲಿನಿಂದ ಎಲ್ಲರಿಗಿಂತ ಮೊದಲೇ ಇಳಿದು ಮಾಯವಾಗುತ್ತಿದ್ದ. ಕಚೇರಿಯವರು ಯಾರಾದರೂ ತನ್ನನ್ನು ಅವಳ ಜೊತೆ ಕಂಡರೆ ಎಂಬ ಅಂಜಿಕೆ ಇನ್ನೂ ಹೋಗಿರಲಿಲ್ಲ, ನೋಡಿ.

ಕಾರು ಎಲ್ಲಿ ಎಂದು ಕೇಳಿದವರಿಗೆಲ್ಲ ಗ್ಯಾರೇಜು ಎಂದಿದ್ದ. ಫಿಟ್ಸ್ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಹದಿನೈದು ದಿನವಾದ ಮೇಲೆ, ಬಾಳೆಕಾಯಿ ಮಾರುವ ಪುಟ್ಟು ಹಿಂದಿನ ಸೀಟಿನಿಂದ ಕುತ್ತಿಗೆ ಚಾಚಿದಳು.

"ಏನಾ ಮಾದೇವಾ, ಕಾರು ಗ್ಯಾರೇಜಲ್ಲಿ ಅದೆ ಅಂದೆ. ನಿನ್ನೆ ನಿಮ್ಮ ಮನೆ ಬದಿಗೆ ಹೋಗಿದ್ದೆ, ಅಂಗ್ಳದಲ್ಲಿ ನಿಂತದ್ದು ಎಂತದು ಹಂಗಾರೆ?"

ಉತ್ತರ ಕೊಟ್ಟವಳು ಕಾಮಕ್ಕ.

"ಪಾರ್ಟು ಹುಬ್ಬಳ್ಳಿಂದ ಬರ್ಬೇಕಂತೆ, ಅದ್ಕೇ ತಂದು ಮನೇಲಿ ನಿಲ್ಸಿದ್ದ. ನಿಂಗೆ ಎಂತಕ್ಕೆ ಅದ್ರ ಉಸಾಬರಿ? ನಿನ್ನ ಬಾಳೆಕಾಯಿ ನೋಡ್ಕ."

ಪುಟ್ಟು ಕುತ್ತಿಗೆ ಹಿಂದಕ್ಕೆ ಎಳೆದುಕೊಂಡಳು. ಮಾದೇವ ಕಾಮಕ್ಕನ ಕಡೆ ಬಗ್ಗಿ ಪಿಸುಗುಟ್ಟಿದ, "ನನ್ನ ಕಾಯ್ಲೆ ವಿಷ್ಯ ನಿಂಗೆ ಯಾರು ಹೇಳಿದ್ರು?"

"ಮಂಗಲಾ ಹೇಳ್ತು. ಬಸ್ಸಲ್ಲಿ ಒಂಚೂರು ನೋಡ್ಕ ಅಂತು. ನಾ ಯಾರ ಕೈಲೂ ಹೇಳ್ಲಿಲ್ಲ, ಹೆದ್ರಬೇಡ."

ಮೊಣಕೈ ಹಿಡಿಯುವ ಕೈಯ ಅರ್ಥ ಅವನಿಗೆ ಈಗ ಆಯಿತು. ತನಗಾಗಿ ಸುಳ್ಳು ಹೇಳುವ ಈ ಹೆಂಗಸಿನ ಮುಂದೆ ಇನ್ನೂ ಕಳ್ಳನಂತೆ ಕೂತಿರುವುದು ಸಾಧ್ಯವಿಲ್ಲ ಅನಿಸಿತು. ಬಸ್ಸು ಅಮದಳ್ಳಿ ದಾಟುತ್ತಿತ್ತು. ಕಾರವಾರ ಬರುವುದರೊಳಗೆ ಹೇಳಿಬಿಡಬೇಕು, ಅವಳು ಬೈಯಲಿ, ಬೈಸಿಕೊಂಡು ಹಗುರಾಗಬೇಕು.

"ಕಾಮಕ್ಕಾ, ಆರು ವರ್ಷ ನೀ ಕೈ ಮಾಡ್ದಾಗ ಒಂದು ದಿವ್ಸನೂ ನಾ ಕಾರು ನಿಲ್ಸಲಿಲ್ಲ. ನನ್ದು ತಪ್ಪಾತು."

ಅವಳು ಅವನ ಮುಖ ನೋಡಿ ನಕ್ಕೇಬಿಟ್ಟಳು.

"ನಿಲ್ಸು ಅಂತ ನಾ ಎಲ್ಲಿ ಕೈ ಮಾಡಿದ್ದೆ? ಬುಟ್ಟಿ ತಕಂಡು ಕಾರು ಹತ್ತೂಕೆ ನಂಗೇನು ಮರುಳಾ? ನಿನ್ನ ಕಾರು ಬಂದ ಹೊಸತ್ರಲ್ಲಿ ಒಂದಿನ ಎದುರಾತು. ಅಂದು ಪೇಟೇಲಿ ಬುಟ್ಟಿ ಇಳ್ಸೂದ್ರೊಳಗೆ ಬೋಣಿ ಆತು ಮಾರಾಯ. ಹತ್ತು ಗಂಟೆಗೆ ಬುಟ್ಟಿ ಖಾಲಿ! ಅಂದಿಂದ ನಿನ್ನ ಕಾರು ಕಂಡ್ರೆ ಕೈ ಎತ್ತಿ ನಮಸ್ಕಾರ ಮಾಡೂದು. ನಮ್ಮ ಹುಡ್ಗನ ಕಾರು, ಅಂವಗೂ ಒಳ್ಳೇದಾಗ್ಲಿ, ನಂಗೂ ಒಳ್ಳೇದಾಗ್ಲಿ ಅಂತ."

ದಿನದ ಮೊದಲ ಗಿರಾಕಿಗಾಗಿ ಎದುರು ಬಂದ ಕಾರಿಗೆ ಮಾಡಿದ ನಮಸ್ಕಾರ. ಎತ್ತಿದ ಆ ಕೈ ಆಮೇಲೆ ಹಣೆಗೆ ಹೋಗುತ್ತಿದ್ದದ್ದನ್ನು ಮಾದೇವ ಒಮ್ಮೆಯೂ ನೋಡಿರಲಿಲ್ಲ. ಅಷ್ಟರೊಳಗೆ ಗಾಜು ಏರಿಸಿ ದಾಟಿರುತ್ತಿದ್ದ. ಏನನ್ನೂ ಕೇಳದವಳಿಗೆ ಇಲ್ಲ ಎಂದಿದ್ದ ತನ್ನ ಸಣ್ಣತನಕ್ಕೆ ಅವನ ಕಿವಿ ಬಿಸಿಯಾಯಿತು.

ಇಲ್ಲಿಗೇ ಮಾತು ನಿಂತಿದ್ದರೆ ಅವನು ಉಳಿದುಕೊಳ್ಳುತ್ತಿದ್ದ. ಆದರೆ ಕಾಮಕ್ಕ ಖುಷಿಯಲ್ಲಿದ್ದಳು.

"ನೀ ಗಾಜು ಏರ್ಸೂದು ಕಂಡು ನಾ ಅಂದ್ಕಂತಿದ್ದೆ, ಪಾಪ, ಅಂವಗೆ ಧೂಳು ಆಗೂದಿಲ್ಲ ಅಂತ."

ಹೌದು, ಧೂಳು ಎಂದಿದ್ದರೆ ಮುಗಿಯುತ್ತಿತ್ತು. ಹದಿನೈದು ದಿನ ಸುಳ್ಳು ಹೇಳಿ ಹೇಳಿ ಸುಸ್ತಾದವನಿಗೆ ಇದೊಂದು ಸುಳ್ಳು ಮಾತ್ರ ಗಂಟಲಿನಿಂದ ಮೇಲೆ ಬರಲಿಲ್ಲ.

"ಧೂಳಿಗಲ್ಲ ಕಾಮಕ್ಕಾ. ನೀ ಕರ್ದದ್ದು ಕೇಳ್ಬಾರ್ದು ಅಂತ. ನಿನ್ನ ಬುಟ್ಟಿ ನೀರು ಸೀಟಿಗೆ ಬೀಳ್ತದೆ ಅಂತ."

ಅವಳ ನಗೆ ಕೂಡಲೇ ಹೋಗಲಿಲ್ಲ, ಸ್ವಲ್ಪ ಹೊತ್ತು ಮುಖದಲ್ಲೇ ಉಳಿದಿತ್ತು.

"ದಿನಾ?" ಎಂದಳು.

"ದಿನಾ."

"ನಾ ನಮಸ್ಕಾರ ಮಾಡೂವಾಗೆಲ್ಲ?"

ಮಾದೇವ ತಲೆ ಆಡಿಸಿದ. ಬೈಗುಳಕ್ಕೆ ಕಾದ. ಕಾಮಕ್ಕ ಬೈಯಲಿಲ್ಲ. ಬಿಣಗಾ ಘಟ್ಟದ ತಿರುವಿನಲ್ಲಿ ಬಸ್ಸು ವಾಲಿದಾಗ ಅವಳು ಮುಂದಿನ ಸೀಟಿನ ಸರಳು ಹಿಡಿದುಕೊಂಡಳು. ಕಿಟಕಿಯಾಚೆ ಸಮುದ್ರ ಕಾಣುವಷ್ಟು ಹೊತ್ತೂ ಆ ಕಡೆಗೇ ನೋಡುತ್ತಿದ್ದಳು.

ಕಾರವಾರದ ಸ್ಟ್ಯಾಂಡಿನಲ್ಲಿ ಮಾದೇವ ಮೊದಲ ಸಲ ಕಾದು ನಿಂತ. ತುಂಬಿದ ಬುಟ್ಟಿಯನ್ನು ಒಬ್ಬರೇ ತಲೆಗೇರಿಸಿಕೊಳ್ಳಲು ಆಗುವುದಿಲ್ಲ, ಹತ್ತಿರ ಇದ್ದವರು ಒಂದು ಕೈ ಕೊಡುವುದು ವಾಡಿಕೆ. ಅವನ ಕಚೇರಿಯ ಇಬ್ಬರು ಅಲ್ಲೇ ಚಹಾ ಕುಡಿಯುತ್ತ ನಿಂತಿದ್ದರು. ನೋಡಿದರೆ ನೋಡಲಿ ಎಂದುಕೊಂಡು ಡಬ್ಬಿಯನ್ನು ನೆಲಕ್ಕಿಟ್ಟು, ಬಗ್ಗಿ, ಬುಟ್ಟಿಯ ಅಂಚಿಗೆ ಕೈ ಹಾಕಿದ.

"ಬ್ಯಾಡ ಸಾಹೇಬ್ರೇ," ಎಂದಳು ಕಾಮಕ್ಕ. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ನಿಮ್ಮ ಅಂಗಿಗೆ ನೀರಾಗ್ತದೆ."

ಅವಳು ದಾರಿಯಲ್ಲಿ ಹೋಗುತ್ತಿದ್ದ ಯಾರನ್ನೋ ಕರೆದಳು. ಆ ಅಪರಿಚಿತ ಬಂದು ಬುಟ್ಟಿ ಎತ್ತಿಕೊಟ್ಟ. ಹರಿವೆ ಸೊಪ್ಪಿನಿಂದ ನೀರು ತೊಟ್ಟಿಕ್ಕುತ್ತಿದ್ದಂತೆ ಅವಳು ಪೇಟೆಯ ಕಡೆ ನಡೆದಳು.

ಆರು ವರ್ಷ ಕಾರು ಓಡಿಸಿದರೂ ಕೇರಿಯಲ್ಲಿ ಒಬ್ಬರೂ ಮಾದೇವನನ್ನು ಸಾಹೇಬ ಎಂದಿರಲಿಲ್ಲ.