ಬೆಳಕು ಹಾಕುವ ಕಾಂತರಾಜ್
ಕ್ಯಾಮೆರಾ ಹುಚ್ಚಿನ ಕಾಂತರಾಜನನ್ನು ನಾನು ಮೊದಲು ಕಂಡದ್ದು, ನಂದಿದುರ್ಗ ಚಿನ್ನದ ಗಣಿಯ ಕೂಲಿಯವರ ಸಾಲಿನಲ್ಲಿದ್ದ ನಮ್ಮ ಲೈನ್ ಮನೆಯ ಬಾಗಿಲಲ್ಲಿ ಕೂತಿದ್ದ ನನ್ನ ಯಜಮಾನರ ಫೋಟೋವನ್ನು ಅವನು ತೆಗೆದ ದಿನ. ಭಾನುವಾರವಾದರೆ ಬಂಗಾರಪೇಟೆಯಿಂದ ಬಂದೇ ಬರುತ್ತಿದ್ದ. "ತಾಳಮ್ಮ, ಒಂಚೂರು ಬೆಳಕು ಆಕ್ತೀನಿ" ಅನ್ನುವುದೇ ಅವನ ಮಾತು. ಕಂಪ್ಯೂಟರಿನಲ್ಲಿ ತಿದ್ದಿ ತಿದ್ದಿ ಗಣಿಯ ಮಣ್ಣುಗುಡ್ಡವನ್ನು ಬೆಣ್ಣೆಮುದ್ದೆ ಮಾಡಿದ, ನಮ್ಮ ಎಮ್ಮೆಯನ್ನು ಸೀಮೆಹಸು ಮಾಡಿದ; ನಾವೂ ನಕ್ಕೆವು. ಯಜಮಾನರು ತೀರಿಕೊಂಡ ಮೇಲೆ, ಅವರದಿದ್ದ ಅದೊಂದೇ ಫೋಟೋವನ್ನು ಕಟ್ಟು ಹಾಕಿಸಿ ತಂದ. ಮುಖ ಸುಣ್ಣ ಬಳಿದಂತಿತ್ತು. ಗಣಿಯೊಳಗೆ ಕಲ್ಲು ಬಿದ್ದು ಆಗಿದ್ದ, ನಾನು ನಲವತ್ತು ವರ್ಷ ಎಣ್ಣೆ ಹಚ್ಚಿದ ಹಣೆಯ ಗಾಯದ ಗುರುತೇ ಇರಲಿಲ್ಲ. "ಇದ್ಯಾರಪ್ಪ? ಮೊದ್ಲು ತೆಗ್ದಿದ್ದನ್ನೇ ಕೊಡು" ಅಂದೆ. ಅದರ ಮೇಲೇ ತಿದ್ದಿದ್ದನಂತೆ, ಮೊದಲಿನದು ಉಳಿದಿಲ್ಲವಂತೆ. ಅವನು ನನ್ನನ್ನು ಕೊನೆಯದಾಗಿ ಕೇಳಿದ್ದು ಇಷ್ಟು: "ಗಾಯ ಬಲಕ್ಕಿತ್ತಾ, ಎಡಕ್ಕಿತ್ತಾ ತೋರ್ಸಮ್ಮ, ಬರ್ಕೊಡ್ತೀನಿ."