ಮಿಜಾರಿನ ಬಾಲವಾಡಿಯಲ್ಲಿ ಗಿರಿಜೆಯ ಮೊದಲ ಮಾತು

1963ರ ಜುಲೈಯಲ್ಲಿ, ಮಿಜಾರಿನ ಬಾಲವಾಡಿಯಲ್ಲಿ, ನನ್ನ ತಂಗಿಯ ಮೂರು ವರ್ಷದ ಮಗಳು ಗಿರಿಜಾ ಮೊದಲ ಮಾತು ಆಡಿದಳು. ಅವಳನ್ನು ಅಲ್ಲಿಂದ ಬಿಡಿಸಿ ಮನೆಗೆ ಕರೆದೊಯ್ಯಲು ನಾನು ಬಾಗಿಲಲ್ಲಿ ನಿಂತಿದ್ದೆ.

ಮನೆಯಲ್ಲಿ ತುಳುವಿನಲ್ಲಿ ಅರಳು ಹುರಿದಂತೆ ಮಾತಾಡುವ ಮಗು, ಬಾಲವಾಡಿಗೆ ಸೇರಿದಂದಿನಿಂದ ಅಲ್ಲಿ ತುಟಿ ಬಿಚ್ಚಿರಲಿಲ್ಲ. ಕೊಟ್ಟದ್ದನ್ನು ತಿನ್ನುತ್ತಲೂ ಇರಲಿಲ್ಲ. ಆದರೆ ಬಿಡಿಸಿದರೆ, ತಂಗಿ ಭತ್ತದ ನೇಜಿ ನೆಡಲು ಗದ್ದೆಗೆ ಹೋಗುವಾಗ ಅವಳನ್ನು ಮೊದಲಿನಂತೆ ಹಳೆ ಸೀರೆಯಿಂದ ಜಗಲಿಯ ಕಂಬಕ್ಕೆ ಕಟ್ಟಬೇಕಿತ್ತು. ನಮ್ಮ ಅಂಗಳದಾಚೆ ಕೆರೆ ಇದೆ.

"ಟೀಚರೇ, ಇವಳನ್ನು ಕರ್ಕೊಂಡು ಹೋಗ್ತೇನೆ," ಎಂದೆ.

"ಸ್ವಲ್ಪ ಕೂತ್ಕೊಳ್ಳಿ ಅಣ್ಣ," ಎಂದರು ಟೀಚರ್. ಅವರು ಘಟ್ಟದ ಮೇಲಿನವರು, ಕನ್ನಡ ಮಾತ್ರ ಬಲ್ಲವರು ಎಂದೇ ನಾನು ತಿಳಿದಿದ್ದೆ. ಅವರು ಮಗುವಿನ ಎದುರು ನೆಲದಲ್ಲಿ ಕುಳಿತು ಹುಣಸೆಬೀಜಗಳನ್ನು ಒಂದೊಂದಾಗಿ ಇಟ್ಟರು. "ಒಂಜಿ... ರಡ್ಡ್..." ಎಂದು ತುಳುವಿನಲ್ಲಿ ಎಣಿಸಿ, ಮೂರನೆಯದನ್ನು ಕೈಯಲ್ಲೇ ಹಿಡಿದು ಸುಮ್ಮನಾದರು.

ಗಿರಿಜಾ ಕಾದಳು. ಕೊನೆಗೆ ಬೀಜವನ್ನು ಕಸಿದುಕೊಂಡು ನೆಲಕ್ಕೆ ಕುಟ್ಟಿ, "ಮೂಜಿ!" ಎಂದಳು.

ಟೀಚರ್ ನಕ್ಕರು. "ಇವಳಿಗೆ ಮಾತು ಬರುತ್ತೆ ಅಣ್ಣ, ನನಗೇ ಬರ್ತಿರಲಿಲ್ಲ. ನೇಜಿ ನೆಡೋ ಹೆಂಗಸರ ಹತ್ರ ಗದ್ದೆ ಬದಿಯಲ್ಲಿ ಕೂತು ಕಲಿತೆ. ನನ್ನ ತುಳು ಕೇಳಿ ಅವರಿಗೆಲ್ಲ ನಗುವೋ ನಗು."

ಆ ದಿನ ನಾನು ಒಬ್ಬನೇ ಮನೆಗೆ ಮರಳಿದೆ. ಟೀಚರಿಗೆ ನಮ್ಮ ಮನೆಯವರೆಲ್ಲರ ವಂದನೆಗಳು. ಗಿರಿಜಾ ಈಗ ಒಂದನೇ ತರಗತಿಯಲ್ಲಿದ್ದಾಳೆ. ತಂಗಿಯ ಆ ಹಳೆ ಸೀರೆ ಬಾಲವಾಡಿಯಲ್ಲಿ ತೊಟ್ಟಿಲಾಗಿದೆ. ಗದ್ದೆಗೆ ಹೋದ ಇನ್ನೊಬ್ಬ ತಾಯಿಯ ಕೂಸು ಅದರಲ್ಲಿ ಮಲಗುತ್ತದೆ.